ಕಾಫಿ ಮೂಸುತ್ತಿದ್ದ ಆಂಟಿ

ಹಲಸೂರಿನ ಮಾರ್ಕೆಟ್ ಬೀದಿಯಲ್ಲಿ ಕಾಫಿಬೀಜ ಹುರಿದು ಪುಡಿ ಮಾಡಿಕೊಡುವ ಒಂದು ಸಣ್ಣ ಅಂಗಡಿಯಿತ್ತು. ತೊಂಬತ್ತರ ದಶಕದಲ್ಲಿ ಶನಿವಾರ ಬೆಳಿಗ್ಗೆ ಆ ಕಡೆ ಹೋದವರಿಗೆ ಅಂಗಡಿಯ ಮುಂದೆ ಒಬ್ಬ ಹೆಂಗಸು ಕಾಣುತ್ತಿದ್ದರು. ದಪ್ಪ ಗಾಜಿನ ಕನ್ನಡಕ, ಕೈಯಲ್ಲಿ ನುಗ್ಗೇಕಾಯಿ ಇಣುಕುವ ಚೀಲ. ಕಣ್ಣು ಮುಚ್ಚಿಕೊಂಡು, ಮೂಗರಳಿಸಿ, ದೇವರ ಮುಂದೆ ನಿಂತ ಹಾಗೆ ನಿಂತಿರುತ್ತಿದ್ದರು. ಅಂಗಡಿಯವನು ಮೊದಮೊದಲು "ಎಷ್ಟು ಬೇಕಮ್ಮಾ?" ಅಂತ ಕೇಳುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟ. ಅವರು ಬಂದು ನಿಂತರೆ ಹುರಿದ ಬೀಜದ ಡಬ್ಬದ ಮುಚ್ಚಳವನ್ನು ತಾನೇ ಒಂದಿಷ್ಟು ತೆರೆದಿಡುತ್ತಿದ್ದ.

ಅವರೇ ನಮ್ಮ ಆಂಟಿ, ಮಾರ್ಮನ್ ಪಂಥದ ಕ್ರೈಸ್ತರು. ಆ ಪಂಥದಲ್ಲಿ ಕಾಫಿ, ಟೀ, ಹೆಂಡ, ಹೊಗೆಸೊಪ್ಪು ನಾಲ್ಕೂ ನಿಷಿದ್ಧ. ಕೊನೆಯ ಎರಡರಿಂದ ಆಂಟಿಗೆ ಯಾವ ನಷ್ಟವೂ ಇರಲಿಲ್ಲ. ಟೀ ಅಂದರೆ ಅವರ ಪ್ರಕಾರ ಬಿಸಿನೀರಿಗೆ ಮಾಡಿದ ಅವಮಾನ. ಆದರೆ ಕಾಫಿ! ನಲವತ್ತೆರಡನೇ ವಯಸ್ಸಿನವರೆಗೆ ದಿನಕ್ಕೆ ನಾಲ್ಕು ಲೋಟ ಕುಡಿದವರು, ದೀಕ್ಷಾಸ್ನಾನದ ದಿನದಿಂದ ಒಂದು ಗುಟುಕೂ ಮುಟ್ಟಲಿಲ್ಲ.

"ಕುಡೀಬಾರ್ದು ಅಂತ ಹೇಳಿದಾರೆ ಕಣ್ಣು," ಅನ್ನುತ್ತಿದ್ದರು ನನಗೆ, ತಮಿಳಿನವರು ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ. "ಮೂಸ್ಬಾರ್ದು ಅಂತ ಯಾರೂ ಹೇಳಿಲ್ಲ. ನಾನೂ ಕೇಳೋಕೆ ಹೋಗಿಲ್ಲ."

ಆಂಟಿ ತೀರಿಕೊಂಡು ಇವತ್ತಿಗೆ ಹದಿನೈದು ದಿನ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪಡಿತರ ಚೀಟಿಯಲ್ಲಿ ಒಂದು, ಕಾರ್ಖಾನೆಯ ಹಾಜರಿಯಲ್ಲಿ ಇನ್ನೊಂದು, ಚರ್ಚಿನ ಪುಸ್ತಕದಲ್ಲಿ ಮತ್ತೊಂದು ಅಂತ ಮೂರು ಕಡೆ ಮೂರು ಥರ ಹೆಸರಿತ್ತು ಅವರಿಗೆ. "ಯಾವುದು ಬರೆದ್ರೂ ಮಿಕ್ಕ ಎರಡು ಕಡೆ ಸುಳ್ಳಾಗತ್ತೆ, ಸುಮ್ನೆ ಆಂಟಿ ಅನ್ನಿ" ಅಂತ ಅವರೇ ತೀರ್ಪು ಕೊಟ್ಟಿದ್ದರು.

ಕೆ.ಆರ್. ಪುರದ ಕಡೆ ಟೆಲಿಫೋನ್ ತಯಾರಿಸುವ ಕಾರ್ಖಾನೆಯಲ್ಲಿ ಅವರು ಕೆಲಸಕ್ಕಿದ್ದರು. ನನ್ನ ಅಮ್ಮನೂ ಅಲ್ಲೇ. ಅಮ್ಮ ತಂತಿಗಳಿಗೆ ಬೆಸುಗೆ ಹಾಕುತ್ತಿದ್ದರು. ಆಂಟಿ ತಯಾರಾದ ಫೋನುಗಳನ್ನು ಪರೀಕ್ಷೆ ಮಾಡುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಒಂದಾದ ಮೇಲೊಂದು ರಿಸೀವರ್ ಎತ್ತಿ "ಹಲೋ, ಹಲೋ" ಅನ್ನುವುದು, ಕಿವಿಗೊಟ್ಟು ಕೇಳುವುದು, ಚೀಟಿ ಅಂಟಿಸಿ ಪಕ್ಕಕ್ಕಿಡುವುದು. ಆ ಕೆಲಸದ ಗುರುತು ಅವರ ಮೈಯಲ್ಲಿ ಉಳಿದುಹೋಗಿತ್ತು. ಯಾರು ಮಾತಾಡಿದರೂ ತಲೆಯನ್ನು ಒಂದು ಪಕ್ಕ ವಾಲಿಸಿ ಬಲಗಿವಿಯನ್ನು ಮುಂದೆ ಮಾಡುತ್ತಿದ್ದರು. ಎದುರಿನವರು ಬುರುಡೆ ಬಿಟ್ಟರೆ, "ಲೈನಲ್ಲಿ ಕರಕರ ಅಂತಿದೆ ಕಣ್ಣು" ಅನ್ನುತ್ತಿದ್ದರು. ಅಷ್ಟೇ. ಬೈಗುಳವಿಲ್ಲ, ಬುದ್ಧಿವಾದವಿಲ್ಲ. ನಾವು ಸುಳ್ಳನ್ನು ವಾಪಸು ತೆಗೆದುಕೊಂಡು ಇನ್ನೊಂದು ಸಲ ಸರಿಯಾಗಿ ಹೇಳಬೇಕಿತ್ತು.

ಮನೆಯಲ್ಲಿ ತಮಿಳು, ಕಾರ್ಖಾನೆಯಲ್ಲಿ ಕನ್ನಡ, ಶಿವಾಜಿನಗರದಲ್ಲಿ ಮೀನು ಕೊಳ್ಳುವಾಗ ದಖನಿ ಉರ್ದು, ಚರ್ಚಿನಲ್ಲಿ ಇಂಗ್ಲಿಷ್. ನಾಲ್ಕರಲ್ಲೂ ಚೌಕಾಸಿ ಮಾಡಬಲ್ಲರು. ಗಂಡ ಮಾತ್ರ ಪಂಥಕ್ಕೆ ಸೇರಿದವರಲ್ಲ. ಅಂಕಲ್ ಪ್ರತಿ ಸೋಮವಾರ ಹಣೆ ತುಂಬ ವಿಭೂತಿ ಬಳಿದುಕೊಂಡು ಹಲಸೂರಿನ ಶಿವನ ಗುಡಿಗೆ ಹೋಗುವವರು. ಅವರ ತೆಂಗಿನಕಾಯಿಯ ನಾರು ಸುಲಿದು, ಜುಟ್ಟು ಬಿಟ್ಟು, ಚೀಲಕ್ಕೆ ಹಾಕಿಕೊಡುತ್ತಿದ್ದವರು ಆಂಟಿಯೇ. ತಿಂಗಳ ಮೊದಲ ಭಾನುವಾರ ಆಂಟಿಯ ಚರ್ಚಿನಲ್ಲಿ ಉಪವಾಸ. ಆ ದಿನವೇ ಅಂಕಲ್‌ಗೆ ಮಸಾಲೆದೋಸೆಯ ಮೇಲೆ ವಿಶೇಷ ಭಕ್ತಿ ಹುಟ್ಟುತ್ತಿತ್ತು. ಆಂಟಿ ಖಾಲಿ ಹೊಟ್ಟೆಯಲ್ಲಿ ದೋಸೆ ಹುಯ್ದು ಹಾಕುತ್ತಿದ್ದರು. "ನನ್ ಉಪವಾಸಕ್ಕೆ ತೂಕ ಬರ್ಲಿ ಅಂತ ಪಾಪ ಅವರು ಕಷ್ಟಪಟ್ಟು ತಿಂತಾರೆ" ಅಂತ ನಮ್ಮ ಹತ್ತಿರ ಹೇಳುತ್ತಿದ್ದರು.

ನಮ್ಮನ್ನು ಆ ಚರ್ಚಿಗೆ ಕರೆದುಕೊಂಡು ಹೋದವರು ಆಂಟಿಯೇ. ನನಗೆ ಏಳು ತುಂಬಿದಾಗ ಒಬ್ಬ ತಮ್ಮ ಹುಟ್ಟಿದ. ನಾಲ್ಕು ತಿಂಗಳಿದ್ದು ಹೋಗಿಬಿಟ್ಟ. ಅಮ್ಮ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಬೆಸುಗೆ ಕಡ್ಡಿ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರಂತೆ. ಆಂಟಿ ತಮ್ಮ ಬೆಂಚಿನಿಂದ ಎದ್ದು ಬಂದು, ಆ ಕಡ್ಡಿಯನ್ನು ಬಿಡಿಸಿಕೊಂಡು, ಅಮ್ಮನ ಪಾಲಿನ ಕೆಲಸವನ್ನೂ ಮುಗಿಸಿದರು. ಒಂದು ವಾರ ಹಾಗೇ ಮಾಡಿದರು. ಆಮೇಲೆ ಭಾನುವಾರ ಇಂದಿರಾನಗರದ ಒಂದು ಬಾಡಿಗೆ ಬಂಗಲೆಗೆ ಕರೆದುಕೊಂಡು ಹೋದರು. ಸಭೆ ಅಲ್ಲೇ ನಡೆಯುತ್ತಿತ್ತು. ಬಿಳಿ ಅಂಗಿ, ಟೈ ಹಾಕಿದ ಒಬ್ಬ ಪರದೇಶಿ ಹುಡುಗ ಎದ್ದು ನಿಂತ. ಅವರಲ್ಲಿ ಅಂಥವರನ್ನು ಎಲ್ಡರ್ ಅನ್ನುತ್ತಾರೆ, ಅಂದರೆ ಹಿರಿಯ. ಈ ಹಿರಿಯನಿಗೆ ಹತ್ತೊಂಬತ್ತು ವರ್ಷ. ಮೀಸೆ ಇನ್ನೂ ಬರುವುದೋ ಬೇಡವೋ ಅಂತ ಯೋಚಿಸುತ್ತಿತ್ತು. ಅವನು ಒಡಕು ಕನ್ನಡದಲ್ಲಿ "ಕುಟುಂಬ ಸಾವಿನ ಮೇಲೂ ಕುಟುಂಬ" ಅಂದ. ತಮ್ಮ ಹೋದಮೇಲೆ ಅಮ್ಮ ಬಾಯಿಬಿಟ್ಟು ಅತ್ತದ್ದು ಅವತ್ತೇ ಮೊದಲು. ಎಂಟು ತುಂಬಿದಾಗ ನನಗೂ ಅಮ್ಮನ ಜೊತೆ ದೀಕ್ಷಾಸ್ನಾನವಾಯಿತು. ಅಪ್ಪ ಮಾತ್ರ "ನೀವು ಹೋಗ್ಬನ್ನಿ, ನಾನು ಮನೆ ನೋಡ್ಕೋತೀನಿ" ಅಂದರು. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನೋಡಿಕೊಳ್ಳುವುದಕ್ಕೆ ಏನಿತ್ತೋ ಗೊತ್ತಿಲ್ಲ.

ನನ್ನ ನಂಬಿಕೆ ಹೋದದ್ದು ಮೊದಲನೇ ಪಿಯುಸಿಯ ಪರೀಕ್ಷೆ ಮುಗಿದ ಮೇಲೆ. ಯಾರ ಜೊತೆಗೂ ವಾದವಾಗಲಿಲ್ಲ, ಯಾವ ಪುಸ್ತಕವನ್ನೂ ಓದಲಿಲ್ಲ. ಬಸ್ಸಿನಲ್ಲಿ ಕೊಡೆ ಬಿಟ್ಟು ಬಂದ ಹಾಗೆ ಅದು ಹೋಯಿತು. ಯಾವ ಸ್ಟಾಪಿನಲ್ಲಿ ಅಂತ ಹೇಳಲಾರೆ. ಒಂದು ಸಂಜೆ ಎಂದಿನಂತೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ ಕಣ್ಣು ಬಿಟ್ಟೆ. ನಾನು ಬೀರುವಿನ ಜೊತೆ ಮಾತಾಡುತ್ತಿದ್ದೇನೆ ಅನ್ನಿಸಿತು. ಅದರಿಂದ ದುಃಖವಾಗಲಿಲ್ಲ. ಅಮ್ಮನ ಮುಖ ನೆನಪಾದಾಗ ಮಾತ್ರ ಮತ್ತೆ ಕಣ್ಣು ಮುಚ್ಚಿ ಆಮೆನ್ ಅಂದೆ. ನಾನು ನಂಬುವುದಿಲ್ಲ ಅಂತ ಹೇಳಿದರೆ, ನಿನ್ನ ಮಗು ನಿನಗೆ ಮತ್ತೆ ಸಿಗುವುದಿಲ್ಲ ಅಂತಲೇ ಹೇಳಿದ ಹಾಗೆ. ಅದನ್ನು ಯಾವ ಬಾಯಿಂದ ಹೇಳಲಿ?

ಹಾಗಾಗಿ ಸುಮ್ಮನಿದ್ದೆ. ಸುಮ್ಮನಿದ್ದದ್ದಕ್ಕೆ ಶಿಕ್ಷೆಯೆಂಬಂತೆ ಮೇ ತಿಂಗಳಲ್ಲಿ ಯುವಜನರ ಶಿಬಿರ ಬಂತು.

ಕೆ.ಆರ್. ಪುರ ದಾಟಿ ಹೊಸಕೋಟೆ ಕಡೆಗೆ ಹೋಗುವಾಗ ಒಂದು ನೀಲಗಿರಿ ತೋಪು, ಅದರ ಪಕ್ಕ ರಜೆಯಲ್ಲಿ ಬಾಗಿಲು ಹಾಕಿದ ಒಂದು ಶಾಲೆ. ಅದನ್ನು ಮೂರು ದಿನಕ್ಕೆ ಬಾಡಿಗೆಗೆ ಹಿಡಿದಿದ್ದರು. ನಲವತ್ತು ಹುಡುಗ ಹುಡುಗಿಯರು, ಎಲ್ಲರಿಗೂ ಒಂದೇ ಬಣ್ಣದ, ಒಂದೇ ಅಳತೆಯ ಟೀ ಶರ್ಟು. ನನ್ನದು ನನ್ನ ಮಂಡಿಯವರೆಗೆ ಬರುತ್ತಿತ್ತು. ಶಿಬಿರದ ಮುಖ್ಯಸ್ಥರನ್ನು ನಾವು ಬ್ರದರ್ ಅನ್ನುತ್ತಿದ್ದೆವು. ಒಳ್ಳೆಯ ಮನುಷ್ಯ, ಬ್ಯಾಂಕಿನಲ್ಲಿ ಕೆಲಸ, ಕುತ್ತಿಗೆಯಲ್ಲಿ ಒಂದು ಸೀಟಿ. ಹಲ್ಲುಜ್ಜುವುದಕ್ಕೆ ಒಂದು ಸೀಟಿ, ಊಟಕ್ಕೆ ಎರಡು, ಪ್ರಾರ್ಥನೆಗೆ ಮೂರು. ಅಡುಗೆಯ ಉಸ್ತುವಾರಿ ಆಂಟಿಯದು. ಅಂಡೆ, ಸೌಟು, ತುರಿಮಣೆಗಳ ಜೊತೆ ಬಸ್ಸಿನ ಹಿಂದಿನ ಸೀಟಿನಲ್ಲಿ ಮಹಾರಾಣಿಯ ಹಾಗೆ ಕೂತು, ವಾಂತಿ ಬರುವವರಿಗೆ ನಿಂಬೆಹಣ್ಣು ಹಂಚುತ್ತಾ ಬಂದರು.

ಎರಡನೇ ದಿನ ಬೆಳಿಗ್ಗೆ ಮೂರು ಸೀಟಿ ಕೇಳಿಸಿತು. ಒಬ್ಬೊಬ್ಬರೂ ಧರ್ಮಗ್ರಂಥ ಹಿಡಿದು ತೋಪಿನಲ್ಲಿ ಒಂದೊಂದು ಮರ ಹುಡುಕಿಕೊಂಡು, ಒಂದು ಗಂಟೆ ಒಂಟಿಯಾಗಿ ಕೂತು ದೇವರನ್ನು ಕೇಳಬೇಕು, ಉತ್ತರಕ್ಕೆ ಕಾಯಬೇಕು. ನನಗೆ ಸಿಕ್ಕಿದ್ದು ನೆರಳೇ ಇಲ್ಲದ ಮರ. ಹತ್ತು ನಿಮಿಷ ಇರುವೆಗಳನ್ನು ನೋಡಿದೆ. ಅವುಗಳಿಗೆ ಇದ್ದಷ್ಟು ಗುರಿ ನನಗಿರಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಅಂತ ಪುಸ್ತಕವನ್ನು ಮುಖದ ಮೇಲೆ ಕವುಚಿಕೊಂಡು ಮಲಗಿದೆ. ಯಾರೋ ಪುಸ್ತಕ ಎತ್ತಿದಾಗ ಎಚ್ಚರವಾಯಿತು. ಆಂಟಿ ಬಗ್ಗಿ ನೋಡುತ್ತಿದ್ದರು.

"ಬಾಯಿ ಮುಚ್ಕೊಂಡು ನಿದ್ದೆ ಮಾಡು. ಇರುವೆ ಒಳಗೆ ಹೋಗತ್ತೆ," ಅಂದು, ಪುಸ್ತಕವನ್ನು ಇದ್ದ ಹಾಗೇ ಮುಖದ ಮೇಲೆ ಇಟ್ಟು ಹೋದರು.

ಗಂಟೆ ಮುಗಿದ ಮೇಲೆ ಎಲ್ಲರೂ ಸುತ್ತ ಕೂತೆವು. ಬ್ರದರ್ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ನನ್ನ ಗೆಳತಿ ಶೀಲಾ ಎದೆಯಲ್ಲಿ ಬೆಚ್ಚಗಾಯಿತು ಅಂದಳು. ಅವಳಿಗೆ ಮಾತಿನಲ್ಲಿ ತೊದಲಿತ್ತು. ಆ ಎರಡು ಪದ ಹೇಳಲು ಅವಳು ಪಟ್ಟ ಪಾಡು ನೋಡಿದರೆ ಬೆಚ್ಚಗಾದದ್ದು ನಿಜ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ಆಮೇಲೆ ನನ್ನ ಸರದಿ.

"ನಿನಗೇನನ್ನಿಸ್ತು?"

"ತುಂಬಾ ಶಾಂತಿ ಅನ್ನಿಸ್ತು ಬ್ರದರ್," ಅಂದೆ.

ಹಿಂದಿನಿಂದ ಆಂಟಿ ಕೆಮ್ಮಿದರು. ಬ್ರದರ್ ಅದನ್ನು ಡೈರಿಯಲ್ಲಿ ಬರೆದುಕೊಂಡರು, ಕೆಮ್ಮನ್ನಲ್ಲ, ಶಾಂತಿಯನ್ನು.

ಮಧ್ಯಾಹ್ನ ಎಲ್ಲರೂ ಹಗ್ಗಜಗ್ಗಾಟಕ್ಕೆ ಹೋದಾಗ ಆಂಟಿ ನನ್ನನ್ನು ಅಡುಗೆಗೆ ಸಹಾಯಕ್ಕೆ ಬೇಕು ಅಂತ ಕೇಳಿ ಕರೆಸಿಕೊಂಡರು. ಶಾಲೆಯ ಹಿಂದಿನ ಜಗಲಿಯಲ್ಲಿ ಹುರುಳಿಕಾಯಿಯ ಒಂದು ಗುಡ್ಡೆ. ಇಬ್ಬರೂ ಎದುರುಬದುರು ಕೂತು ನಾರು ತೆಗೆಯುತ್ತಾ ಹೋದೆವು. ಸುಮಾರು ಹೊತ್ತು ಅವರು ಏನೂ ಕೇಳಲಿಲ್ಲ. ಅದೇ ನನಗೆ ತಡೆಯದಾಯಿತು.

"ಆಂಟಿ, ನಂಗೆ ಏನೂ ಕೇಳ್ಸಲ್ಲ."

ಅವರು ತಲೆ ವಾಲಿಸಿದರು. "ಕಿವೀಲಾ?"

"ಅಲ್ಲ. ಪ್ರಾರ್ಥನೆ ಮಾಡಿದಾಗ. ಆ ಕಡೆ ಯಾರೂ ಇಲ್ಲ ಅನ್ಸತ್ತೆ. ಮೂರು ತಿಂಗಳಾಯ್ತು. ನಾನು ನಂಬಲ್ಲ ಆಂಟಿ."

ಲೈನಲ್ಲಿ ಕರಕರ ಅನ್ನುತ್ತಾರೇನೋ ಅಂತ ಕಾದೆ. ಅವರು ಅನ್ನಲಿಲ್ಲ. ಇನ್ನೊಂದು ಹಿಡಿ ಹುರುಳಿಕಾಯಿ ನನ್ನ ಮುಂದೆ ಸರಿಸಿದರು.

"ನಾನು ಇಪ್ಪತ್ತು ವರ್ಷದಿಂದ ಹಲೋ ಅಂತಿದ್ದೀನಿ," ಅಂದರು. "ಒಂದು ಫೋನಲ್ಲೂ ಆ ಕಡೆ ಯಾರೂ ಇರ್ಲಿಲ್ಲ."

ದೊಡ್ಡ ತತ್ವವೊಂದು ಬರುತ್ತಿದೆ ಅಂದುಕೊಂಡು ನಾನು ಕಾಯಿ ಕೆಳಗಿಟ್ಟೆ. "ಹಾಗಂದ್ರೆ?"

"ಹಾಗಂದ್ರೆ ಏನಿಲ್ಲ. ಟೆಸ್ಟಿಂಗ್ ಸೆಕ್ಷನ್ನು, ಯಾರಿರ್ತಾರೆ ಆ ಕಡೆ? ನೀನು ಹೇಳ್ದೆ, ನಂಗೆ ನೆನಪಾಯ್ತು, ಅಷ್ಟೆ. ಕೈ ಆಡ್ಸು, ನಲವತ್ತು ಜನಕ್ಕೆ ಪಲ್ಯ ಆಗ್ಬೇಕು."

ನಾನು ನಕ್ಕುಬಿಟ್ಟೆ. ನಗುತ್ತಿರುವಾಗಲೇ ಅವರು ಕೇಳಿದರು: "ಅಮ್ಮಂಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

"ಪಾಪು..." ಅಂದೆ.

ಆಂಟಿಯ ಕೈ ನಿಂತಿತು. ಅಮ್ಮನಿಗೆ ಆ ಆಸೆಯನ್ನು ಕೈಹಿಡಿದು ತೋರಿಸಿದವರು ಅವರೇ ಅಲ್ಲವೇ. ಬಹಳ ಮೆಲ್ಲಗೆ, "ಅವನು ನಿಂಗೂ ತಮ್ಮ ಅಲ್ವಾ ಕಣ್ಣು" ಅಂದರು. ಒಂಬತ್ತು ವರ್ಷದಲ್ಲಿ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುವಷ್ಟರಲ್ಲಿ ಅಡುಗೆಗೆ ಬಂದಿದ್ದ ಇನ್ನೊಬ್ಬ ಹೆಂಗಸು ಇಣುಕಿ, "ಏನಾಯ್ತು ಮಗೂಗೆ?" ಅಂದರು.

"ಹುರುಳಿಕಾಯಿ ಖಾರ ಇದೆ," ಅಂದರು ಆಂಟಿ.

ಆ ಹೆಂಗಸು ಒಂದು ಕ್ಷಣ ಯೋಚಿಸಿ, ಒಂದು ಕಾಯಿ ಕಚ್ಚಿ ನೋಡಿ, ಹೊರಟುಹೋದರು.

ಕೊನೆಗೆ ಎದ್ದು ಸೆರಗು ಕೊಡವುತ್ತಾ ಆಂಟಿ ತಮ್ಮ ಷರತ್ತು ಹೇಳಿದರು. "ನೋಡು, ನಾನು ಯಾರ ಹತ್ರಾನೂ ಹೇಳಲ್ಲ. ಆದ್ರೆ ಯಾರಾದ್ರೂ ನೇರ ಕೇಳಿದ್ರೆ ಸುಳ್ಳೂ ಹೇಳಲ್ಲ. ಅದಕ್ಕೇ ಯಾರೂ ಕೇಳದೇ ಇರೋ ಹಾಗೆ ನೋಡ್ಕೋತೀನಿ."

"ನಾಳೆ ಸಾಕ್ಷಿ ಸಭೆ ಇದೆಯಲ್ಲ ಆಂಟಿ," ಅಂದೆ. ಶಿಬಿರದ ಕೊನೆಯ ಬೆಳಿಗ್ಗೆ ಪ್ರತಿಯೊಬ್ಬರೂ ಎದ್ದು ನಿಂತು, ಇದೆಲ್ಲ ಸತ್ಯವೆಂದು ನನಗೆ ಗೊತ್ತು ಅಂತ ಎಲ್ಲರ ಮುಂದೆ ಹೇಳುವ ಸಭೆ ಅದು. "ಏನು ಹೇಳ್ಲಿ?"

"ಗೊತ್ತಿಲ್ಲದ್ದು ಗೊತ್ತು ಅಂತ ಹೇಳ್ಬೇಡ," ಅಂದರು. "ಮಿಕ್ಕಿದ್ದು ನೋಡೋಣ."

ಮಾರನೇ ಬೆಳಿಗ್ಗೆ ತೋಪಿನಲ್ಲಿ ಜಮಖಾನ ಹಾಸಿದ್ದರು. ಬಸ್ಸು ಹನ್ನೊಂದಕ್ಕೆ. ಸಾಲಿನಲ್ಲಿ ಕೂತ ಕ್ರಮದಲ್ಲೇ ಎದ್ದು ಮಾತಾಡಬೇಕು ಅಂತ ಬ್ರದರ್ ಹೇಳಿದರು. ಲೆಕ್ಕ ಹಾಕಿದೆ: ಬಸ್ಸು ಬರುವುದರೊಳಗೆ ನನ್ನ ಸರದಿ ಬಂದೇ ಬರುತ್ತಿತ್ತು. ನನ್ನ ಪಕ್ಕ ಶೀಲಾ. ಅವಳ ಕೈಯಲ್ಲಿ ಎರಡು ಹಾಳೆ ಬೆವರಿಗೆ ಒದ್ದೆಯಾಗಿದ್ದವು. ಒಬ್ಬರು, ಇಬ್ಬರು, ಐವರು ಮುಗಿದರು. ನನಗೆ ಇನ್ನು ನಾಲ್ಕೇ ಜನ ಅನ್ನುವಾಗ ಹಿಂದಿನಿಂದ ದನಿ ಬಂತು.

"ಬ್ರದರ್, ನಾನೂ ಒಂದ್ಮಾತು ಹೇಳ್ಬಹುದಾ? ಒಂದೇ ಮಾತು."

ಆಂಟಿ ಮುಂದೆ ಬಂದು ನಿಂತರು. ಕೈಯಲ್ಲಿ ಸೌಟಿತ್ತು. ತಾವು ಪಂಥಕ್ಕೆ ಸೇರಿದ ಕಥೆಯಿಂದ ಶುರುಮಾಡಿದರು. ಅಲ್ಲಿಂದ ಕಾಫಿ ಬಿಟ್ಟ ಮೊದಲ ವಾರದ ತಲೆನೋವಿಗೆ ಬಂದರು. ಒಂದೊಂದು ದಿನದ ತಲೆನೋವನ್ನೂ ಬೇರೆಬೇರೆಯಾಗಿ ವರ್ಣಿಸಿದರು. ಆಮೇಲೆ ಪಿತ್ತಕೋಶದ ಕಲ್ಲು. ಅದು ಎಷ್ಟು ದೊಡ್ಡದಿತ್ತು ಅಂತ ಸೌಟಿನಲ್ಲಿ ಅಳೆದು ತೋರಿಸಿದರು. ಆಪರೇಷನ್ ಕೋಣೆಯಲ್ಲಿ ದೇವರು ತಮ್ಮ ಪಕ್ಕ ನಿಂತಿದ್ದ ಅಂತ ಹೇಳುವಾಗ ಮಾತ್ರ ಅವರು ಸೌಟನ್ನು ಎದೆಗೆ ಒತ್ತಿಕೊಂಡರು, ಆ ಭಾಗದಲ್ಲಿ ನಟನೆಯಿರಲಿಲ್ಲ. ಮತ್ತೆ ಚೇತರಿಸಿಕೊಂಡು, ಕನ್ನಡ ಬಿಟ್ಟು ತಮಿಳಿಗೆ ಹೋದರು. ತಮಿಳು ಬಾರದವರಿಗೆ ಅನ್ಯಾಯವಾಗಬಾರದು ಅಂತ ಎಲ್ಲವನ್ನೂ ಮೊದಲಿಂದ ಇಂಗ್ಲಿಷಿನಲ್ಲಿ ಹೇಳಿದರು. ಬ್ರದರ್ ಗಡಿಯಾರ ನೋಡಿದರು. ಕೈ ಎರಡು ಸಲ ಸೀಟಿಯವರೆಗೆ ಹೋಗಿ ಬಂತು. ಆದರೆ ದೇವರ ಬಗ್ಗೆ ಸಾಕ್ಷಿ ಹೇಳುತ್ತಿರುವವರ ಮೇಲೆ ಸೀಟಿ ಊದುವುದು ಹೇಗೆ? ಹುಡುಗರು ಸೊಳ್ಳೆ ಹೊಡೆಯುತ್ತಾ, ಒಬ್ಬರ ಭುಜದ ಮೇಲೆ ಒಬ್ಬರು ನಿದ್ದೆ ಹೋದರು. ಆಂಟಿಯ ಒಂದು ಮಾತು ಐವತ್ತು ನಿಮಿಷ ನಡೆಯಿತು. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದಾಗ ಅವರು "ಆಮೆನ್" ಅಂದರು.

ನಾನು ಗೆದ್ದೆ ಅಂದುಕೊಂಡು ಪಕ್ಕಕ್ಕೆ ತಿರುಗಿದೆ. ಶೀಲಾ ಅಳುತ್ತಿದ್ದಳು. ತೊದಲಿಲ್ಲದೆ ಹೇಳಬೇಕು ಅಂತ ಆ ಎರಡು ಹಾಳೆಯನ್ನು ಅವಳು ಒಂದು ತಿಂಗಳಿಂದ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದಳಂತೆ. ನನ್ನ ಗೆಲುವು ಬಾಯಲ್ಲೇ ಕಹಿಯಾಯಿತು.

ಆಂಟಿಯೂ ಅದನ್ನು ನೋಡಿದರು. ಸೌಟು ಹಿಡಿದ ಕೈ ಇಳಿಯಿತು. ಬಸ್ಸಿನಲ್ಲಿ ಅಂಡೆಗಳ ನಡುವೆ ಜಾಗ ಮಾಡಿ ಶೀಲಾಳನ್ನು ಪಕ್ಕ ಕೂರಿಸಿಕೊಂಡು, "ತಪ್ಪಾಯ್ತು ಕಣ್ಣು. ನಿನ್ ಟೈಮ್ ನಾನು ತಿಂದ್ಬಿಟ್ಟೆ. ಈಗ ಹೇಳು, ನಾನು ಕೇಳ್ತೀನಿ" ಅಂದರು. ಕೆ.ಆರ್. ಪುರದ ರೈಲ್ವೆ ಗೇಟಿನಲ್ಲಿ ಬಸ್ಸು ನಿಂತಿತ್ತು. ಶೀಲಾ ಹಾಳೆ ಬಿಚ್ಚಿದಳು. ಅವಳು ಒಂದು ಪದದಲ್ಲಿ ಸಿಕ್ಕಿಕೊಂಡಾಗಲೆಲ್ಲ ಆಂಟಿ ಬಲಗಿವಿ ಅವಳ ಬಾಯಿಯ ಹತ್ತಿರ ಇಟ್ಟು, ಆತುರವೇ ಇಲ್ಲದವರಂತೆ ಕಾದರು. ಬಸ್ಸು ಬೆನ್ನಿಗಾನಹಳ್ಳಿ ದಾಟಿದರೂ ಅವಳು ಓದುತ್ತಲೇ ಇದ್ದಳು. ಮುಂದಿನ ಭಾನುವಾರ ಇಂದಿರಾನಗರದ ಸಭೆಯಲ್ಲಿ, ದೊಡ್ಡವರೆಲ್ಲರ ಮುಂದೆ, ಶೀಲಾಳಿಗೆ ಮಾತಾಡುವ ಅವಕಾಶ ಕೊಡಿಸಿದರು. ಬ್ರದರ್ ಹತ್ತಿರ ಹೋಗಿ ಕ್ಷಮೆಯನ್ನೂ ಕೇಳಿದರು. "ಸಿಸ್ಟರ್, ಅಷ್ಟು ಯಾಕೆ ಮಾತಾಡಿದ್ರಿ?" ಅಂತ ಅವರು ಕೇಳಿದರಂತೆ. ಸುಳ್ಳು ಹೇಳದ ಆಂಟಿ, "ನಂಗೆ ಮಾತು ನಿಲ್ಸೋಕೆ ಮನಸ್ಸಾಗ್ಲಿಲ್ಲ ಬ್ರದರ್" ಅಂದರಂತೆ. ಅದು ನಿಜವೇ.

ಅದಾಗಿ ಎರಡು ವರ್ಷ ನಾನು ಅಮ್ಮನ ಜೊತೆ ಸಭೆಗೆ ಹೋದೆ. ಹಾಡಿನ ಪುಸ್ತಕ ಹಿಡಿದು ಬಾಯಿ ಆಡಿಸಿದೆ. ಆಂಟಿ ಒಂದು ದಿನವೂ ಅದರ ಬಗ್ಗೆ ಕೆದಕಲಿಲ್ಲ. ಸರಿದಾರಿಗೆ ತರಲು ಪುಸ್ತಕ ಕೊಡಲಿಲ್ಲ, ಹಿರಿಯರನ್ನು ಮನೆಗೆ ಕಳಿಸಲಿಲ್ಲ. ಅವರಿಗೆ ನನ್ನ ಬಗ್ಗೆ ಚಿಂತೆಯಿರಲಿಲ್ಲ ಅಂತಲ್ಲ. ಉಪವಾಸದ ಭಾನುವಾರಗಳಲ್ಲಿ ಅವರು ನನಗಾಗಿ ಬೇಡಿಕೊಳ್ಳುತ್ತಿದ್ದರು ಅಂತ ಅಂಕಲ್ ಒಮ್ಮೆ ಬಾಯಿತಪ್ಪಿ ಹೇಳಿಬಿಟ್ಟರು. ನನಗೆ ಸಿಟ್ಟು ಬಂತು, ಕೇಳಿಯೇಬಿಟ್ಟೆ.

"ಹೂಂ, ಮಾಡ್ತೀನಿ. ನಂಗೆ ನಂಬಿಕೆ ಇದೆ, ಅದಕ್ಕೆ ಮಾಡ್ತೀನಿ. ನಿಂಗಿಲ್ಲ ಅಂದ್ಮೇಲೆ ನಿಂಗೇನು ಕಷ್ಟ?" ಅಂದರು.

ಹತ್ತೊಂಬತ್ತಕ್ಕೆ ನನ್ನಿಂದ ಇನ್ನು ಆಗುವುದಿಲ್ಲ ಅನ್ನಿಸಿ ಅಮ್ಮನಿಗೆ ಹೇಳಿದೆ. ಅಮ್ಮ ಕೂಗಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿ ನೇರ ಹಲಸೂರಿಗೆ, ಆಂಟಿಯ ಮನೆಗೆ ಹೋದರು.

"ಅಕ್ಕಾ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವತ್ತಿಂದ?"

"ಶಿಬಿರದಿಂದ."

ಅಮ್ಮ ಬಾಗಿಲಿನಿಂದಲೇ ವಾಪಸು ಬಂದರು. ಆಮೇಲೆ ಆರು ತಿಂಗಳು ಆಂಟಿಯ ಜೊತೆ ಮಾತಿಲ್ಲ. ಕಾರ್ಖಾನೆಯಲ್ಲಿ ಇಲ್ಲ, ಸಭೆಯಲ್ಲಿ ಇಲ್ಲ. ಆಂಟಿ ಅದಕ್ಕೆ ಎದೆಗುಂದಲಿಲ್ಲ. ಪ್ರತಿ ಮಂಗಳವಾರ ಸಂಜೆ ನಮ್ಮ ಕ್ವಾರ್ಟರ್ಸಿಗೆ ಬಂದು ಬಾಗಿಲು ತಟ್ಟಿ ಒಂದು ಟಿಫಿನ್ ಡಬ್ಬಿ ಕೊಡುತ್ತಿದ್ದರು. ನಿಂಬೆಹಣ್ಣಿನ ಚಿತ್ರಾನ್ನ, ಪುಳಿಯೋಗರೆ, ಒಂದು ವಾರ ಮೀನಿನ ಸಾರು. ಅಮ್ಮ ಮಾತಿಲ್ಲದೆ ಡಬ್ಬಿ ತೆಗೆದುಕೊಂಡು ಬಾಗಿಲು ಹಾಕುತ್ತಿದ್ದರು. ಆದರೆ ಖಾಲಿ ಡಬ್ಬಿ ವಾಪಸು ಕೊಡಬಾರದಲ್ಲ! ಮುಂದಿನ ಮಂಗಳವಾರ ಅದರಲ್ಲಿ ಕೋಡುಬಳೆಯೋ ಉಪ್ಪಿನಕಾಯಿಯೋ ತುಂಬಿ ಬಾಗಿಲ ಸಂದಿಯಿಂದ ಚಾಚುತ್ತಿದ್ದರು. ಇಷ್ಟು ರುಚಿಯಾದ ಜಗಳವನ್ನು ನಾನಾಗಲಿ ಅಪ್ಪನಾಗಲಿ ಕಂಡಿರಲಿಲ್ಲ. ಬೇಗ ರಾಜಿಯಾಗದಿರಲಿ ಅಂತ ಅಪ್ಪ ಗುಟ್ಟಾಗಿ ಬಯಸುತ್ತಿದ್ದರು.

ಒಂದು ಮಂಗಳವಾರ ಬಂದ ಚಿತ್ರಾನ್ನ ಬಾಯಿಗಿಡುವ ಹಾಗಿರಲಿಲ್ಲ, ಉಪ್ಪೋ ಉಪ್ಪು. ಅಮ್ಮ ಒಂದು ತುತ್ತು ತಿಂದು, ಎದ್ದು, ಬಾಗಿಲು ತೆರೆದರು. ಆಂಟಿ ಇನ್ನೂ ಮೆಟ್ಟಿಲ ಮೇಲೇ ನಿಂತಿದ್ದರು.

"ಏನಕ್ಕಾ ಇದು? ಉಪ್ಪು ಸುರಿದಿದ್ದೀರಲ್ಲ!"

"ಅಬ್ಬಾ, ಮಾತಾಡಿದ್ಯಲ್ಲ," ಅಂದರು ಆಂಟಿ. "ಮೂರು ಹಿಡಿ ಹಾಕಿದೀನಿ."

ಅಮ್ಮ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದರು. ಆ ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು. ಆಂಟಿ ಏನಂದರು ಅಂತ ಅಮ್ಮ ನನಗೆ ಹೇಳಿದ್ದು ಎಷ್ಟೋ ದಿನ ಕಳೆದ ಮೇಲೆ. "ನಿನ್ನ ಮಗಳು ನಂಬದೇ ಇದ್ರೆ ಮಗು ಇಲ್ದೇ ಹೋಗತ್ತಾ? ಅವನನ್ನ ದೇವರ ಕೈಗೆ ಕೊಟ್ಟಿದ್ದೀಯೋ, ಇವಳ ಕೈಗೆ ಕೊಟ್ಟಿದ್ದೀಯೋ?" ಅಂದರಂತೆ. ಅಮ್ಮ ಆಮೇಲೆ ನನ್ನನ್ನು ಸಭೆಗೆ ಬಾ ಅಂತ ಕರೆಯಲಿಲ್ಲ. ಭಾನುವಾರ ಅವರು ಹೊರಟಾಗ ಅಪ್ಪನೂ ನಾನೂ ಸೇರಿ ಮನೆ ನೋಡಿಕೊಳ್ಳತೊಡಗಿದೆವು.

ಆಂಟಿ ನಿವೃತ್ತರಾದ ಕೆಲವು ವರ್ಷಕ್ಕೆ ಶ್ವಾಸಕೋಶದ ಕಾಯಿಲೆ ಹಿಡಿಯಿತು. ನಾನು ಆಗ ಹಲಸೂರಿನ ಹತ್ತಿರವೇ ಒಂದು ಶಾಲೆಯಲ್ಲಿ ಟೀಚರಾಗಿದ್ದೆ; ಸಂಜೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಕೊನೆಯ ಬಾರಿ ಹೋದಾಗ ದಿಂಬಿಗೆ ಒರಗಿ ಕೂತಿದ್ದರು. ಒಂದು ವಾಕ್ಯಕ್ಕೆ ಎರಡು ಸಲ ಉಸಿರು ಹಿಡಿಯಬೇಕಿತ್ತು. ಅಂಕಲ್ ಗುಡಿಯಿಂದ ಆಗಷ್ಟೇ ಬಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದರು.

"ನನ್ ಕೈಲಿ ಜೋರಾಗಿ ಆಗ್ತಿಲ್ಲ," ಅಂದರು ಆಂಟಿ. "ನೀನು ಒಂದ್ ಪ್ರಾರ್ಥನೆ ಮಾಡು."

"ನಾನಾ? ಆಂಟಿ, ನಿಮಗೆ ಗೊತ್ತಲ್ಲ..."

"ಗೊತ್ತು. ನಂಬು ಅಂತ ನಿಂಗೆ ಹೇಳಿದ್ನಾ? ಗಂಟಲು ಸಾಲ ಕೊಡು ಅಂದೆ. ಕನ್ನಡದಲ್ಲೇ ಮಾಡು. ಇಂಗ್ಲಿಷಲ್ಲಿ ಮಾಡಿದ್ರೆ ಆಫೀಸ್ ಲೆಟರ್ ಥರ ಕೇಳ್ಸತ್ತೆ."

ಹತ್ತು ವರ್ಷದ ಮೇಲೆ ಕೈಕಟ್ಟಿ ಕಣ್ಣು ಮುಚ್ಚಿದೆ. ಕನ್ನಡದಲ್ಲಿ ನಾನು ಯಾವತ್ತೂ ಪ್ರಾರ್ಥಿಸಿದವಳಲ್ಲ. ಪದಕ್ಕೆ ಪದ ಹುಡುಕುತ್ತಾ ಶುರುಮಾಡಿದೆ: "ಪರಲೋಕದ ತಂದೆಯೇ, ಇವರಿಗೆ ತುಂಬಾ ನೋವಿದೆ. ನೀವು ದಯವಿಟ್ಟು ಇವರ ಪಕ್ಕ ಇರಿ. ನೀವು ಇವರಿಗೆ..."

ಆಂಟಿ ಒಂದು ಕಣ್ಣು ತೆರೆದರು. "ದೇವರಿಗೆ ಯಾರಾದ್ರೂ ನೀವು ಅಂತಾರಾ? ಎಲ್ರೂ ನೀನು ಅಂತಾರೆ."

"ಪರಿಚಯ ಇಲ್ವಲ್ಲ ಆಂಟಿ," ಅಂದೆ.

ಅವರು ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ಅಂಕಲ್ ಗಾಬರಿಯಿಂದ ನೀರು ತಂದರು. ಒಂದು ಗುಟುಕು ಕುಡಿದು, ಉಸಿರು ಕೂಡಿಸಿಕೊಂಡು, ಆಂಟಿ ನನ್ನ ಕೈಯನ್ನು ತಮ್ಮ ಕೈಯೊಳಗೆ ಎಳೆದುಕೊಂಡರು.

"ಪರ್ವಾಗಿಲ್ಲ, ಹೆಂಗೂ ಹೋಗ್ತಿದ್ದೀನಲ್ಲ. ನಾನೇ ಪರಿಚಯ ಹೇಳ್ತೀನಿ. ನೀನು ಮುಂದುವರ್ಸು."

ನಾನು ಮುಂದುವರಿಸಿದೆ. ನೀವು ಅಂತಲೇ.